ಮೊದಲ ಸುತ್ತಿಗೆ ಎರಡು ಕೊಡ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಮಹಾದೇವಿ ಹೇಳುತ್ತಾಳೆ. ಇರಬಹುದು. ಆದರೆ ಮುಂಬಯಿಯಲ್ಲಿ ಕರೆಂಟಿನ ಟ್ಯಾಕ್ಸಿ ಓಡಿಸುತ್ತ, ದಿನಕ್ಕೆರಡು ಸಲ ಚಾರ್ಜಿಂಗ್ ಸ್ಟೇಷನ್ನಿನ ಮುಂದೆ ಕಾದು ನಿಂತವನಿಗೆ ಕೋಪ ಬಾರದಿದ್ದರೆ ಅವನು ಸಂತನಾಗಿರಬೇಕು, ಇಲ್ಲವೇ ಆ ಸ್ಟೇಷನ್ನಿನ ಮಾಲೀಕನಾಗಿರಬೇಕು. ನಾನು ಎರಡೂ ಅಲ್ಲ. ಹೆಸರು ಯಲ್ಲಾಲಿಂಗ, ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ, ಮನೆ ಘಾಟ್ಕೋಪರ್ ಗುಡ್ಡದ ಮೇಲಿನ ಚಾಳು.

ಗಾಡಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಎಸಿ ಹಾಕಿದರೆ ಪ್ಯಾಸೆಂಜರ್ ಸಿಗ್ನಲ್ ದಾಟುವುದರೊಳಗೆ ಗೊರಕೆ ಹೊಡೆಯುತ್ತಾನೆ. ತಾಪತ್ರಯವೆಲ್ಲ ಅದರ ಹೊಟ್ಟೆ ತುಂಬಿಸುವಾಗ. ಚಾಳಿನಲ್ಲಿ ಚಾರ್ಜ್ ಮಾಡಲು ಜಾಗವಿಲ್ಲ, ಹಾಗಾಗಿ ಮೊಬೈಲಿನ ಆ್ಯಪ್ ನೋಡಿಕೊಂಡು ಊರೆಲ್ಲ ಅಲೆಯಬೇಕು. ಆ್ಯಪ್‌ನಲ್ಲಿ ಎಲ್ಲ ಮಷೀನೂ ಹಸಿರು, ಎಲ್ಲವೂ ಖಾಲಿ, ಎಲ್ಲವೂ ಚಾಲೂ. ಹೋಗಿ ನೋಡಿದರೆ ಒಂದರ ಪರದೆ ಕಪ್ಪು, ಇನ್ನೊಂದಕ್ಕೆ ನೆಟ್‌ವರ್ಕ್ ಇಲ್ಲ, ಮೂರನೆಯದರ ಮುಂದೆ ಯಾರೋ ಪುಣ್ಯಾತ್ಮ ಡೀಸೆಲ್ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿರುತ್ತಾನೆ.

ಇದನ್ನೆಲ್ಲ ನಾನು ಬೈದು ಮರೆತುಬಿಡುತ್ತಿದ್ದೆ. ಆದರೆ ಈ ಸಲ ನಮ್ಮವ್ವನ ಕಣ್ಣಿನ ಪ್ರಶ್ನೆ.

ಅವ್ವ ಸೋಮವ್ವನಿಗೆ ಅರವತ್ತೆಂಟು. ಎರಡೂ ಕಣ್ಣಿಗೆ ಪೊರೆ ಬೆಳೆದು, ಎದುರಿಗೆ ನಿಂತವರನ್ನು ದನಿಯಿಂದಲೇ ಗುರುತಿಸಬೇಕಾಗಿತ್ತು. ಬೊರಿವಲಿಯ ಒಂದು ಧರ್ಮಾಸ್ಪತ್ರೆಯಲ್ಲಿ ತಿಂಗಳಿಗೆ ಒಂದೇ ದಿನ ಆಪರೇಶನ್. ಬೆಳಿಗ್ಗೆ ಹತ್ತೂವರೆಗೆ ಹೆಸರು ಬರೆಸುವ ಕಿಟಕಿ ಮುಚ್ಚುತ್ತದೆ. ನಾವು ಎರಡು ಸಲ ತಪ್ಪಿಸಿಕೊಂಡಿದ್ದೆವು, ಎರಡು ಸಲವೂ ನನ್ನ ಗಾಡಿಯಿಂದ. ಮೊದಲ ಸಲ ಸಾಂತಾಕ್ರೂಜ್‌ನಲ್ಲಿ ಚಾರ್ಜಿಗೆ ಹಚ್ಚಿ ಚಹಾ ಕುಡಿಯಲು ಹೋದೆ. ಅರ್ಧ ತಾಸು ಬಿಟ್ಟು ಬಂದರೆ ಮಷೀನು ನಾಲ್ಕನೇ ನಿಮಿಷಕ್ಕೇ ನಿಂತುಹೋಗಿತ್ತು. ಎರಡನೇ ಸಲ ಯಾರು ಮೊದಲು ಎಂಬ ಜಗಳದಲ್ಲೇ ಹತ್ತು ಗಂಟೆಯಾಯಿತು. ಮೂರನೇ ಸಲ ತಪ್ಪಿದರೆ ಹೆಸರು ಹೊಡೆದುಹಾಕುತ್ತೇವೆ, ಮತ್ತೆ ಮುಂದಿನ ವರ್ಷವೇ ಎಂದು ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಖಡಾಖಂಡಿತ ಹೇಳಿದ್ದಳು. ಮುಂದಿನ ವರ್ಷದ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯದು ಎಂದು ಡಾಕ್ಟರು ಹೇಳಿದ್ದರು.

ಲೋಕಲ್‌ನಲ್ಲಿ ಹೋಗಿ ಎಂದಳು ಮಹಾದೇವಿ. ಸ್ಟೇಷನ್ನಿನ ಮೆಟ್ಟಿಲು ಕಾಣದೆ ಒಮ್ಮೆ ಉರುಳಿ ಬಿದ್ದಾಗಿನಿಂದ ಅವ್ವ ರೈಲಿನ ಹೆಸರೆತ್ತಿದರೆ ಬೆವರುತ್ತಾಳೆ. ಆಟೋ ಹಿಡಿಯೋಣವೆಂದರೆ, ಸರಿಯಾಗಿ ಅದೇ ದಿನ ಆಟೋದವರ ಬಂದ್. ಹಿಂದಿನ ದಿನ ನನಗೆ ಎಲ್ಲೂ ಸರಿಯಾಗಿ ಚಾರ್ಜ್ ಸಿಕ್ಕಿರಲಿಲ್ಲ. ಗಾಡಿಯಲ್ಲಿ ಉಳಿದಿದ್ದು ಶೇಕಡಾ ಎಂಟು.

ಏಳೂಕಾಲಿಗೆ ಅವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಘಾಟ್ಕೋಪರ್ ಮಾರುಕಟ್ಟೆಯ ಹಿಂದಿನ ಸ್ಟೇಷನ್ನಿಗೆ ಬಂದೆ. ಅಲ್ಲಿ ಮೂರು ಮಷೀನು, ಒಂದೊಂದಕ್ಕೆ ಎರಡೆರಡು ಗನ್ನು. ಗನ್ನು ಎಂದರೆ ಪೆಟ್ರೋಲ್ ಪಂಪಿನಲ್ಲಿರುವಂಥದೇ ಹಿಡಿಕೆ, ಎಣ್ಣೆಯ ಬದಲು ಕರೆಂಟು ಕೊಡುತ್ತದೆ. ನಡೆಯುತ್ತಿದ್ದುದು ಒಂದೇ ಮಷೀನು. ಅದರ ಒಂದು ಗನ್ನಿಗೆ ಅಮೋಲ್‌ನ ಗಾಡಿ, ಇನ್ನೊಂದಕ್ಕೆ ದೂಜನ ಗಾಡಿ. ಅಮೋಲ್ ಮರಾಠಿಯವ, ನಮ್ಮ ಚಾಳಿನಲ್ಲೇ ಬೆಳೆದವ. ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಹಿಂದಿಯೇ ಬರುತ್ತದೆ. ದೂಜ ಕಾರ್ಕಳ ಕಡೆಯ ಹಿರಿಯ ಡ್ರೈವರ್. ಅವರ ಹಿಂದೆ ಇನ್ನೆರಡು ಟ್ಯಾಕ್ಸಿಗಳು ಹಾರ್ನ್ ಒದರಿಸುತ್ತಿದ್ದವು. ಅವುಗಳ ಹಿಂದೆ ನಾವು.

ಅಮೋಲ್‌ನ ಪರದೆ ನೋಡಿದೆ. ಶೇಕಡಾ ಎಂಬತ್ನಾಲ್ಕು. ನನ್ನ ಮೈ ಉರಿಯಿತು.

"ಎಂಬತ್ನಾಕ ಆಗೈತಲ್ಲೋ! ಇನ್ನೂ ಯಾಕ ಹಚ್ಕೊಂಡು ಕುಂತಿ?"

"ಪೂರಾ ಸೌ ಕರೂಂಗಾ," ಎಂದ ಅಮೋಲ್, ನೂರು ತುಂಬದೆ ಸೀಟಿನಿಂದ ಏಳದವನಂತೆ. "ಆಗೇ ಮಷೀನ್ ಚಾಲೂ ಮಿಲೇಗಾ, ಗ್ಯಾರಂಟಿ ತು ದೇತಾ ಹೈ ಕ್ಯಾ?"

ಮುಂದೆ ಚಾಲೂ ಇರುವ ಮಷೀನು ಸಿಗುತ್ತದೆಂಬ ಗ್ಯಾರಂಟಿಯನ್ನು ಈ ಊರಿನಲ್ಲಿ ಯಾರೂ ಕೊಡಲಾರರು. ಅದು ಗೊತ್ತಿದ್ದೇ ನನ್ನ ಸಿಟ್ಟು ಇನ್ನಷ್ಟು ಏರಿತು. ಅವನ ಬಾಗಿಲು ಎಳೆದೆ. ಅವನು ಇಳಿದ. ನನ್ನ ಕೈ ಅವನ ಕಾಲರಿಗೆ, ಅವನ ಕೈ ನನ್ನ ಕಾಲರಿಗೆ ಬಂತು.

ಅಷ್ಟರಲ್ಲಿ ನಮ್ಮ ಗಾಡಿಯ ಬಾಗಿಲು ತೆರೆಯಿತು. ಅವ್ವ ಕೋಲೂರಿಕೊಂಡು ಇಳಿದಳು.

"ಮುಂಜಾನೆ ನಳದ ಮುಂದ ಬಡದಾಡಿದಂಗ ಬಡದಾಡಾಕತ್ತೀರಲ್ಲ. ಗಂಡಸರಿಗೆ ಪಾಳಿ ಹಚ್ಚಾಕೂ ಬರೂದಿಲ್ಲೇನು?"

ನಮ್ಮ ಚಾಳಿನಲ್ಲಿ ಆಗ ನಲವತ್ತು ಮನೆ, ಒಂದೇ ನಳ, ನೀರು ಬೆಳಿಗ್ಗೆ ಒಂದು ತಾಸು. ಮೂವತ್ತು ವರ್ಷ ಆ ನಳದ ಪಾಳಿ ನೋಡಿಕೊಂಡವಳು ಅವ್ವ. ಅವಳನ್ನು ಯಾರೂ ನೇಮಿಸಿರಲಿಲ್ಲ, ಯಾರಿಗೂ ತೆಗೆದುಹಾಕುವ ಧೈರ್ಯವೂ ಇರಲಿಲ್ಲ. ಅಮೋಲ್ ಅವಳನ್ನು ನೋಡಿದ್ದೇ ನನ್ನ ಕಾಲರ್ ಬಿಟ್ಟ. ಅವನ ತಾಯಿಯೂ ಆ ಪಾಳಿಯಲ್ಲಿ ಕೊಡ ಇಟ್ಟವಳೇ.

"ಎಷ್ಟೆಷ್ಟ ಬರಾಕತ್ತೈತಿ, ಓದು," ಎಂದಳು ನನಗೆ.

ಓದಿದೆ. ಕರೆಂಟಿನ ವೇಗದ ಲೆಕ್ಕದಲ್ಲಿ ದೂಜನಿಗೆ ಹನ್ನೆರಡು, ಅಮೋಲ್‌ಗೆ ಎಂಟು.

"ಒಬ್ಬನೇ ಹಾಕಿದರೆ ಇಪ್ಪತ್ತನಾಲ್ಕು ಬರ್ತದೆ ಅಮ್ಮಾ," ಎಂದ ದೂಜ. "ಎರಡೂ ಗನ್ ಹಾಕಿದರೆ ಅರ್ಧ ಅರ್ಧ ಆಗ್ತದೆ. ಎಂಬತ್ತು ದಾಟಿದ ಮೇಲೆ ಗಾಡಿ ಕರೆಂಟನ್ನು ಸರಿಯಾಗಿ ಎಳೆಯುವುದೇ ಇಲ್ಲ. ಎಲ್ಲರಿಗೂ ಗೊತ್ತುಂಟು, ಎಂಥ ಮಾಡುವುದು?"

"ಗೊತ್ತಿದ್ದೂ ಹಿಂಗ ಮಾಡತೀರಿ?" ಅವ್ವ ಕೋಲು ನೆಲಕ್ಕೆ ಕುಟ್ಟಿದಳು. "ಒಂದ ಪೈಪಿಗೆ ಎರಡ ಕೊಡ ಹಚ್ಚಿದ್ರ ಎರಡೂ ತಡಾ ಆಗಿ ತುಂಬತಾವು. ಒಂದರ ಹಿಂದ ಒಂದ ಹಚ್ಚಿದ್ರ ಮೊದಲಿನಾಕಿ ಅರ್ಧ ಹೊತ್ತಿನ್ಯಾಗ ಮನೀಗೆ ಹೋಗತಾಳ. ಹಿಂದಿನಾಕಿ ಮೊದಲ ಯಾವಾಗ ಹೋಗತಿದ್ದಳೋ ಆವಾಗೇ ಹೋಗತಾಳ. ಅಕಿದೇನ ಹೋತು?"

ಹಿಂದಿದ್ದವರ ಹಾರ್ನ್ ನಿಂತಿತು. ಎಲ್ಲರೂ ತಲೆಯಲ್ಲೇ ಲೆಕ್ಕ ಹಾಕುತ್ತಿದ್ದರು. ನಾನೂ ಹಾಕಿದೆ. ಎರಡು ವರ್ಷದಿಂದ ದಿನಾ ಈ ಮಷೀನಿನ ಮುಂದೆ ನಿಂತು, ಅದರ ಅಪ್ಪ ಅಜ್ಜನನ್ನೆಲ್ಲ ಬೈದಿದ್ದೇನೆಯೇ ಹೊರತು ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಹೌದಲ್ಲ ಮಾರಾಯ್ರೆ," ಎಂದ ದೂಜ ಮೆಲ್ಲಗೆ.

ಅವ್ವ ಮೊದಲು ಅಮೋಲ್‌ನ ದನಿ ಬಂದಿದ್ದ ಕಡೆ ತಿರುಗಿದಳು. "ತಮ್ಮಾ, ನಮ್ಮ ನಳದಾಗ ಮೊದಲ ಸುತ್ತಿಗೆ ಮನೀಗೆ ಎರಡ ಕೊಡ. ಎಲ್ಲಾರ್ದೂ ಆದಮ್ಯಾಗ ಎರಡನೇ ಸುತ್ತು. ನಾಳಿ ನೀರ ಬರೂದಿಲ್ಲಂತ ಒಬ್ಬೊಬ್ಬರೂ ಇವತ್ತ ಡ್ರಮ್ ತುಂಬಸಾಕ ನಿಂತ್ರ ಇವತ್ತ ಯಾರ ಮನ್ಯಾಗೂ ಒಲಿ ಹತ್ತೂದಿಲ್ಲ. ಇಲ್ಲಿ ಒಂದ ಕೊಡ ಅಂದ್ರ ಹತ್ತ ಮಿನಿಟ. ಇಪ್ಪತ್ತ ಮಿನಿಟ ಆತಂದ್ರ ಬಿಡೂದು. ನಿಂದು ತುಂಬೈತಿ. ತಗಿ."

ಅಮೋಲ್ ಒಮ್ಮೆ ಪರದೆ ನೋಡಿದ. ಇಷ್ಟೆಲ್ಲ ಜಗಳವಾದರೂ ಅದು ಎಂಬತ್ನಾಲ್ಕರಲ್ಲೇ ಕೂತಿತ್ತು. ತಲೆ ಕೆರೆದುಕೊಂಡು ಗನ್ನು ಕಿತ್ತ. ತುಸು ಹೊತ್ತಿನಲ್ಲಿ ದೂಜನ ಪರದೆ ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ ಹಾರಿತು, ಅವನ ಗಾಡಿಯೊಳಗಿನ ಫ್ಯಾನು ಜೋರಾಗಿ ಗುಂಯ್‌ಗುಟ್ಟಿತು. ಅವ್ವ ಕಿವಿಗೊಟ್ಟು ಕೇಳಿ ನಕ್ಕಳು. "ಈಗ ನೋಡು, ನೀರ ಬಿತ್ತು."

ಆಮೇಲೆ ಪಾಳಿ ಹಚ್ಚಿಸಿದಳು. ನಳದ ಮುಂದೆ ಹೆಂಗಸರು ನಿಲ್ಲುವುದಿಲ್ಲ, ಅವರ ಕೊಡ ನಿಲ್ಲುತ್ತದೆ. ಹಾಗೆಯೇ ಇಲ್ಲಿ ಗಾಡಿ ಮೂಲೆಗೆ ಹಚ್ಚಿ, ತಮ್ಮದೊಂದು ಸಾಮಾನು ಮಷೀನಿನ ಮುಂದೆ ಸಾಲಾಗಿ ಇಡಬೇಕು. ದೂಜನ ನೀರಿನ ಬಾಟಲಿ, ಆಮೇಲೆ ಒಬ್ಬನ ಚಪ್ಪಲಿ, ಇನ್ನೊಬ್ಬನ ಸೀಟಿನ ದಿಂಬು, ನಾಲ್ಕನೆಯದಾಗಿ ನನ್ನ ಬುತ್ತಿಡಬ್ಬಿ. ಅವ್ವ ಒಂದೊಂದನ್ನೂ ಕೈಯಿಂದ ಸವರಿ ಗುರುತು ಮಾಡಿಕೊಂಡಳು. ನನ್ನ ಡಬ್ಬಿಯ ನೆಗ್ಗಿದ ಮುಚ್ಚಳದ ಮೇಲೆ ಬೆರಳಾಡಿಸಿ, "ನಿಂದು ನಾಕನೇದು," ಎಂದಳು.

ಅವಳ ಕಿವಿಯಲ್ಲಿ ಹೇಳಿದೆ. "ಯವ್ವಾ, ಕಣ್ಣಿನ ವಿಚಾರ ಹೇಳಿದ್ರ ಎಲ್ಲಾರೂ ಬಿಟ್ಟಕೊಡತಾರ. ಹತ್ತೂವರಿಗೆ ಕಿಟಕಿ ಮುಚ್ಚತಾರ!"

"ಬಾಯಿ ಮುಚ್ಚು," ಎಂದಳು ಅವ್ವ. "ಇವತ್ತ ನೀ ನಿಮ್ಮವ್ವನ ಕರಕೊಂಡು ಬಂದಿ. ನಾಳಿಂದ ಎಲ್ಲಾರೂ ಒಬ್ಬೊಬ್ಬ ಅವ್ವನ ಕರಕೊಂಡು ಬರತಾರ."

ನಾನು ಹಲ್ಲು ಕಡಿಯುತ್ತ ಗಡಿಯಾರ ನೋಡುತ್ತ ನಿಂತೆ. ಏಳು ಐವತ್ತೈದಕ್ಕೆ ದೂಜ ಹೊರಟ. ಎಂಟೂಕಾಲಿಗೆ ಚಪ್ಪಲಿಯವನು, ಎಂಟು ಮೂವತ್ತೈದಕ್ಕೆ ದಿಂಬಿನವನು. ಒಬ್ಬನೂ ಒಂದು ನಿಮಿಷ ಹೆಚ್ಚು ಕೂರಲಿಲ್ಲ. ಹಳೆಯ ರೀತಿಯಲ್ಲಾಗಿದ್ದರೆ ಈ ಹೊತ್ತಿಗೆ ಅಮೋಲ್‌ನೇ ಗನ್ನು ಬಿಟ್ಟಿರುತ್ತಿರಲಿಲ್ಲ. ನಮ್ಮ ಪಾಳಿ ಬಂತು, ಗನ್ನು ಸಿಕ್ಕಿಸಿದೆ, ಇಪ್ಪತ್ತನಾಲ್ಕು ಎಂದು ಬಂತು. ಎದೆ ಹಗುರಾಯಿತು.

ನಾಲ್ಕನೇ ನಿಮಿಷಕ್ಕೆ ಟಕ್ ಎಂದು ಮಷೀನು ನಿಂತಿತು.

ಸಾಂತಾಕ್ರೂಜ್‌ನಲ್ಲಿ ಆದದ್ದೇ ಮತ್ತೆ. ಮಷೀನಿಗೆ ಒದೆಯಲು ಕಾಲೆತ್ತಿದೆ. ಅದೇ ಗಳಿಗೆಗೆ ಈಗಷ್ಟೇ ಬಂದ ಬಿಳಿ ಕಾರಿನವನೊಬ್ಬ ಖಾಲಿ ಇದ್ದ ಇನ್ನೊಂದು ಗನ್ನಿಗೆ ಕೈ ಹಾಕಿದ. "ನಿಮ್ಮದು ಬಂದ್ ಆಯಿತಲ್ಲ, ನಾನು ಹಚ್ಚುತ್ತೇನೆ," ಎಂದು ಹಿಂದಿಯಲ್ಲಿ ಹೇಳಿದ. ಅವನು ಹಚ್ಚಿ ಮಷೀನು ಚಾಲೂ ಆದರೆ ನಮ್ಮ ಗಾಡಿಗೆ ಅರ್ಧವೇ ಗತಿ.

ಅವನ ಕೈ ಹಿಡಿದವನು ಅಮೋಲ್. ಒಂಬತ್ತರ ಬುಕಿಂಗ್‌ಗೆ ಕಾಯುತ್ತ ಅಲ್ಲೇ ಚಹಾ ಕುಡಿಯುತ್ತಿದ್ದ.

"ಲೈನ್ ಹೈ, ಸಾಬ್. ಮಷೀನ್ ಬಂದ್ ಪಡಾ ತೋ ಭೀ ನಂಬರ್ ಆಜಿ ಕಾ. ಅಪನಾ ಬಾಟಲ್ ಪೀಛೆ ರಖೋ."

ಮಷೀನು ನಿಂತರೂ ಪಾಳಿ ಅಜ್ಜಿಯದೇ ಎಂದರೂ ಬಿಳಿ ಕಾರಿನವನು ಗನ್ನು ಬಿಡಲಿಲ್ಲ. ಪಾಳಿಯಲ್ಲಿ ಹೊಸದಾಗಿ ಸೇರಿದ್ದ ಇನ್ನಿಬ್ಬರು ಡ್ರೈವರುಗಳೂ ಎದ್ದು ಬಂದು ಅಮೋಲ್‌ನ ಪಕ್ಕ ನಿಂತರು. ಅವರು ಅವ್ವನ ಮುಖವನ್ನು ನೋಡಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಅವನು ಗನ್ನು ಬಿಟ್ಟು, ಸಾಲಿನ ಕೊನೆಗೆ ತನ್ನ ಬಾಟಲಿ ಇಟ್ಟ.

ಅಮೋಲ್ ನಮ್ಮ ಗಾಡಿಯ ಹತ್ತಿರ ಬಂದು ಗನ್ನು ಅಲ್ಲಾಡಿಸಿ ನೋಡಿದ. ಅದರ ಭಾರಕ್ಕೆ ಅದೇ ಜಾರುತ್ತದಂತೆ. ಕಿತ್ತು, ಮತ್ತೆ ಒತ್ತಿ ಸಿಕ್ಕಿಸಿ, ಕೆಳಗಿನಿಂದ ಅಂಗೈಯಲ್ಲಿ ಎತ್ತಿ ಹಿಡಿದ. ಇಪ್ಪತ್ತನಾಲ್ಕು ಬಂತು. ಉಳಿದ ಹದಿನಾರು ನಿಮಿಷವೂ ಹಾಗೆಯೇ ಹಿಡಿದು ನಿಂತ. ನನಗೆ ತಡೆಯಲಾಗಲಿಲ್ಲ, ಹತ್ತೂವರೆಯ ವಿಷಯ ಬಾಯಿಬಿಟ್ಟೆ.

"ಪೆಹಲೇ ಬೋಲನಾ ಥಾ ನಾ, ಆಜಿ!" ಎಂದು ಕೂಗಿದ ಅವನು, ಮೊದಲೇ ಹೇಳಲಿಲ್ಲವೆಂದು.

"ಹೇಳಲಾರದಕ್ಕ ಪಾಳಿ ಉಳೀತು," ಎಂದಳು ಅವ್ವ.

ಒಂಬತ್ತಕ್ಕೆ ಹೊರಟೆವು. ಗಾಡಿಯಲ್ಲಿ ಶೇಕಡಾ ಮೂವತ್ತೇಳು, ಹೋಗಿ ಬರಲು ಧಾರಾಳ. ಪೊವಾಯಿಯಲ್ಲಿ ಗಾಡಿಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು, ಹೈವೇ ಸೇರುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಹತ್ತು ಇಪ್ಪತ್ತೆರಡಕ್ಕೆ ಅವ್ವನ ಕೈ ಹಿಡಿದು ಆ ಕಿಟಕಿಯ ಮುಂದೆ ನಿಂತೆ. ಹೆಸರು ಹೇಳಲು ನಾನು ಕಿಟಕಿಗೆ ಬಗ್ಗಿದೆ. "ಸೋಮವ್ವ," ಎಂದು ಅವ್ವನೇ ಗಟ್ಟಿಯಾಗಿ ಹೇಳಿದಳು. ಆ ಹೆಣ್ಣುಮಗಳು ಬರೆದುಕೊಂಡಳು. ಅಲ್ಲಿಯೇ, ಜನರ ಮುಂದೆಯೇ ನಾನು ಅತ್ತೆ. ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ.

ಆಪರೇಶನ್ ಆಗಿ ಮೂರು ವಾರ ಕಳೆಯಿತು. ಒಂದು ಭಾನುವಾರ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ನಿನ್ನ ಮಷೀನ ಹೆಂಗೈತಿ ನೋಡೂಣು ನಡಿ ಎಂದು ಗಾಡಿ ಹತ್ತಿದಳು. ಸ್ಟೇಷನ್ನಿನಲ್ಲಿ ಇನ್ನೂ ಒಂದೇ ಮಷೀನು ನಡೆಯುತ್ತಿತ್ತು, ಆದರೆ ಹಾರ್ನಿಲ್ಲ, ಜಗಳವಿಲ್ಲ. ಬಾಟಲಿ, ಚಪ್ಪಲಿ, ದಿಂಬು, ಹಳೆಯ ಟವೆಲ್ಲು, ಒಟ್ಟು ಆರು ಸಾಮಾನು ಸಾಲಾಗಿ ಕೂತಿದ್ದವು. ಡ್ರೈವರುಗಳು ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು. ಅಮೋಲ್‌ನೂ ಇದ್ದ, ದೂಜನೂ ಇದ್ದ.

ಗಾಡಿಯನ್ನು ದೂರದ ಮೂಲೆಗೆ ಹಚ್ಚಿ, ಅವ್ವನನ್ನು ಒಳಗೇ ಬಿಟ್ಟು ಡಬ್ಬಿ ಹಿಡಿದು ಹೋದೆ. ಈ ಪಾಳಿ ಹಚ್ಚಿದವಳ ಮಗ ನಾನು, ಅಷ್ಟೂ ಹಕ್ಕು ಇಲ್ಲವೇ ಎಂದುಕೊಂಡೆ. ಅಮೋಲ್‌ಗೆ ಕಣ್ಣು ಹೊಡೆದೆ, ಅವನು ಆಕಾಶ ನೋಡಿದ. ಚಪ್ಪಲಿಯನ್ನು ಮೆಲ್ಲಗೆ ಹಿಂದೆ ಸರಿಸಿ, ಎರಡನೆಯ ಜಾಗದಲ್ಲಿ ಡಬ್ಬಿ ಇಟ್ಟೆ.

"ಯಲ್ಲ್ಯಾ!"

ಹಿಂದಿರುಗಿ ನೋಡಿದೆ. ಅವ್ವ ಗಾಡಿಯ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು, ಕಪ್ಪು ಕನ್ನಡಕವನ್ನು ಹಣೆಗೇರಿಸಿದ್ದಳು.

"ನನಗ ಕಣ್ಣ ಇಲ್ಲದಾಗ ನೀ ನಾಕನೇದಾಗ ನಿಂತಿದ್ದಿಯಲ್ಲಾ, ಈಗೇನಾತು? ತಗಿ ಆ ನೆಗ್ಗಿದ ಡಬ್ಬಿ. ಏಳನೇದು ನಿಂದು!"

ಡ್ರೈವರುಗಳೆಲ್ಲ ಸಿಳ್ಳೆ ಹಾಕಿದರು. ದೂಜ ಚಹಾದ ಲೋಟ ಎತ್ತಿ ನಕ್ಕ. ಏಳನೆಯ ಪಾಳಿ ಎಂದರೆ ಇನ್ನೆರಡು ತಾಸು ಕಾಯಬೇಕು. ಮೂಗಿನ ತುದಿಯ ನನ್ನ ಕೋಪ ಅವತ್ತು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ನಗುತ್ತ ನಗುತ್ತಲೇ ಡಬ್ಬಿ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ಇಟ್ಟೆ. ನಲವತ್ತು ಹೆಜ್ಜೆ ದೂರದಿಂದ ನಮ್ಮವ್ವ ಆ ಮುಚ್ಚಳದ ನೆಗ್ಗನ್ನು ಕಂಡಿದ್ದಳು.