ತುದಿಯಲ್ಲಿ ನಿಂತ ಸೀಸೆ

ನಾನು ಸಿಡುಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಾಯಿ ಇಷ್ಟು ಜೋರಿಲ್ಲದಿದ್ದರೆ ಅವ್ವ ನನಗೆ ಒಂದು ಮಾತು ಹೇಳುತ್ತಿದ್ದಳು, ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಗೋಕಾಕದ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಪ್ರತಿ ವರ್ಷ ಜೂನ್ ಬಂತೆಂದರೆ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಫೋನು ನೋಡುತ್ತ ಕೂರಬೇಕು. ಜೊತೆಗೆ ಧಾರವಾಡದ ರಾಜಪ್ಪ ಸರ್ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಬಿಸಿಲಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು ನನ್ನ ವಿಷಯ. ಹೈಡ್ರೋಜನ್ ಉರಿಯುತ್ತದೆ, ಉರಿದರೆ ಮತ್ತೆ ನೀರೇ ಆಗುತ್ತದೆ, ಹೊಗೆ ಇಲ್ಲ. ಇದು ಕೈಗೂಡಿದರೆ ಬಿಸಿಲಿಗೆ ಬರವಿಲ್ಲದ ನಮ್ಮ ಸೀಮೆಯೇ ಒಂದು ಎಣ್ಣೆಬಾವಿ.

ಕಾಲೇಜಿನಲ್ಲಿ ಬಿಸಿಲಿನಂಥ ಬೆಳಕು ಕೊಡುವ ದೀಪವಿರಲಿಲ್ಲ. ಹಾಗಾಗಿ ಬಾಡಿಗೆ ಮನೆಯ ಮಾಳಿಗೆಯೇ ನನ್ನ ಪ್ರಯೋಗಾಲಯವಾಯಿತು. ಯೂರಿಯಾ ಗೊಬ್ಬರವನ್ನು ಕುಲುಮೆಯಲ್ಲಿ ಸುಟ್ಟರೆ ಅರಿಸಿನ ಬಣ್ಣದ ಪುಡಿ ಸಿಗುತ್ತದೆ. ಅದನ್ನು ಕಣ್ಣಿಗೆ ಕಾಣದಷ್ಟು ತೆಳು ಹಾಳೆಗಳಾಗಿ ಬಿಡಿಸಿ, ಮೇಲೆ ನಿಕ್ಕಲ್ ಲೋಹದ ಅತಿಸಣ್ಣ ಚುಕ್ಕೆಗಳನ್ನು ಕೂರಿಸುತ್ತಿದ್ದೆ. ಬೆಳಕು ಬಿದ್ದಾಗ ಹಾಳೆಯೊಳಗಿನ ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಏಳುತ್ತದೆ. ಅದು ನಿಕ್ಕಲ್ ಚುಕ್ಕೆ ತಲುಪಿದರೆ ಅಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಬಹಳ ಸಲ ಅದು ತಲುಪುವುದಿಲ್ಲ. ತಾನು ಬಿಟ್ಟ ಖಾಲಿ ಜಾಗಕ್ಕೇ ವಾಪಸು ಬೀಳುತ್ತದೆ. ಆಗ ಬೆಳಕು ಬಂದದ್ದಷ್ಟೇ, ಉಪಯೋಗವಿಲ್ಲ.

ಜನವರಿಯಲ್ಲಿ ಒಂದು ದಿನ ಇದನ್ನೆಲ್ಲ ಅವ್ವನಿಗೆ ಹೇಳಿದ್ದೆ. ನನ್ನ ಅವ್ವ ಯಮನವ್ವ ಕಲ್ಲೋಳಿಯ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಅಪ್ಪ ಸತ್ತಾಗ ನನಗೆ ಆರು ವರ್ಷ. ಅವಳು ಮಾಳಿಗೆಯ ಮೇಲೆ ಶಾವಿಗೆ ಹರವುತ್ತ ಕೇಳಿಸಿಕೊಂಡು, ಕೈ ನಿಲ್ಲಿಸಿ ಕೇಳಿದಳು.

"ಅಂವ ಎದ್ದ ಹೋದ ಮ್ಯಾಲ ಆ ಜಾಗಾ ಖಾಲಿ ಬೀಳತೈತಲ್ಲ. ಅದನ್ನ ಯಾರ ತುಂಬತಾರ?"

ಪ್ರಶ್ನೆ ಸರಿಯಾಗಿತ್ತು. ಇಡೀ ಜಗತ್ತು ಈ ವಿಷಯದಲ್ಲಿ ತಲೆ ಕೆಡಿಸಿಕೊಂಡಿರುವುದೇ ಆ ಪ್ರಶ್ನೆಗೆ. ಖಾಲಿ ಜಾಗ ತುಂಬಲು ನೀರು ಸುಲಭಕ್ಕೆ ಒಪ್ಪುವುದಿಲ್ಲ. ಅದಕ್ಕೇ ಎಲ್ಲರೂ ನೀರಿಗೆ ಮದ್ಯಸಾರವನ್ನೋ ಸಕ್ಕರೆಯನ್ನೋ ಬೆರೆಸುತ್ತಾರೆ. ಅವು ತಮ್ಮಲ್ಲಿದ್ದುದನ್ನು ಕೊಟ್ಟು ಆ ಜಾಗ ತುಂಬುತ್ತವೆ, ಕೊಟ್ಟು ತಾವು ಮುರಿದುಹೋಗುತ್ತವೆ. ಪುಸ್ತಕದಲ್ಲಿ ಅವಕ್ಕೆ ಬಲಿಯಾಗುವ ದಾನಿ ಎಂದೇ ಹೆಸರು. ದಾನಿಯೇ ಇಲ್ಲದೆ, ಬರೀ ನೀರಿನಿಂದ ಹೈಡ್ರೋಜನ್ ತೆಗೆದು ತೋರಿಸುವುದು ನನ್ನ ಹಟವಾಗಿತ್ತು.

"ನಿನಗ ತಿಳಿಯೂದಿಲ್ಲ ಬಿಡವ್ವ," ಎಂದೆ. "ಬಾಟ್ಲಿ ಮಾತ್ರ ಮುಟ್ಟಬ್ಯಾಡ. ಮುಟ್ಟಿದೆಂದ್ರ ನನ್ನಷ್ಟ ಕೆಟ್ಟಾಕಿ ಇಲ್ಲ ನೋಡ."

ದಿನವೂ ಬೆಳಿಗ್ಗೆ ಏಳಕ್ಕೆ ನಾಲ್ಕು ಸೀಸೆಗಳಿಗೆ ಶುದ್ಧ ನೀರು, ಹಳದಿ ಪುಡಿ ಹಾಕಿ ಸಾಲಾಗಿ ಇಡುತ್ತಿದ್ದೆ. ಪುಡಿ ನೆನೆಯಲಿ ಎಂದು ಕೆಳಗೆ ಬಂದು ಸ್ನಾನ, ತಿಂಡಿ ಮುಗಿಸಿ, ಎಂಟಕ್ಕೆ ಮತ್ತೆ ಹತ್ತಿ ಸೀಸೆಯೊಳಗಿನ ಗಾಳಿ ಹೊರಹಾಕಿ, ಬಾಯಿ ಬಿಗಿದು, ಗ್ಯಾಸ್ ಅಳೆಯುವ ಕೊಳವೆ ಜೋಡಿಸಿ ಕಾಲೇಜಿಗೆ ಓಡುತ್ತಿದ್ದೆ. ಸಂಜೆ ಬಂದು ಅಳತೆ ಬರೆದುಕೊಳ್ಳುವುದು. ಮಧ್ಯಾಹ್ನ ಎರಡರ ಮೇಲೆ ನೀರಿನ ಟಾಕಿಯ ನೆರಳು ಮೂರು ಸೀಸೆಗಳ ಮೇಲೆ ಬೀಳುತ್ತಿತ್ತು. ತುದಿಯದು ಒಂದೇ ಹೊತ್ತು ಮುಳುಗುವವರೆಗೆ ಬಿಸಿಲಲ್ಲಿ ನಿಲ್ಲುತ್ತಿತ್ತು. ಬಿಸಿಲು ತಗ್ಗಿದರೆ ಗ್ಯಾಸ್ ಎಷ್ಟು ತಗ್ಗುತ್ತದೆ ಎಂದು ನೋಡಲು ನಾನೇ ಹಾಗೆ ಇಟ್ಟಿದ್ದೆ.

ಆ ಜನವರಿಯ ಕೊನೆಯ ವಾರ ತುದಿಯ ಸೀಸೆಯ ಕೊಳವೆಯಲ್ಲಿ ಹನ್ನೊಂದು ಮಿಲಿಲೀಟರ್ ಗ್ಯಾಸ್ ನಿಂತಿತ್ತು. ಉಳಿದ ಮೂರರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ನನಗೇ ನಂಬಿಕೆ ಬರಲಿಲ್ಲ. ಸೀಸೆಯ ದೋಷವಿರಬಹುದೆಂದು ಮರುದಿನ ಒಂದನೆಯ ಸೀಸೆಯನ್ನು ತುದಿಗೆ ಇಟ್ಟೆ. ಅದರಲ್ಲಿ ಗ್ಯಾಸ್ ಬಂತು. ಎರಡನೆಯದನ್ನು ಇಟ್ಟೆ, ಅದರಲ್ಲೂ ಬಂತು. ಯಾವುದನ್ನು ಇಟ್ಟರೂ ತುದಿಯದೇ ಗೆದ್ದಿತು. ಅಂದರೆ ಸೀಸೆಯದಲ್ಲ, ಬಿಸಿಲಿನ ಮಹಿಮೆ ಎಂದು ತೀರ್ಮಾನಿಸಿದೆ. ಒಂದು ಮಿತಿ ದಾಟಿ ಬೆಳಕು ಸಿಕ್ಕರೆ ನನ್ನ ಪುಡಿಯಲ್ಲಿ ಎಲೆಕ್ಟ್ರಾನು ವಾಪಸು ಬೀಳುವುದಿಲ್ಲ ಎಂದು ಹದಿನಾಲ್ಕು ಪುಟ ಬರೆದೆ. ಒಂದು ದಿನ, ಒಂದೇ ಒಂದು ದಿನ ನೆರಳು ಬೀಳುವ ಮೊದಲು, ನಾಲ್ಕಕ್ಕೂ ಸಮ ಬಿಸಿಲಿರುವಾಗ ಬಂದು ಕೊಳವೆ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ರಾಜಪ್ಪ ಸರ್ ಗ್ಯಾಸನ್ನು ಯಂತ್ರಕ್ಕೆ ಹಾಕಿಸಿ ಖಾತ್ರಿ ಮಾಡಿಕೊಂಡರು. ಹೈಡ್ರೋಜನ್ನೇ. ಆದರೂ ಅವರ ಹುಬ್ಬು ಇಳಿಯಲಿಲ್ಲ.

"ನೀರ ಒಡದ್ರ ಆಮ್ಲಜನಕಾನೂ ಬರಬೇಕಲ್ಲವಾ. ಅದೆಲ್ಲಿ ಹೋತು?"

"ಪುಡಿಗೆ ಹತ್ಕೊಂಡ ಕುಂತೈತ್ರಿ ಸರ್. ಹಂಗ ಆಗೂದ ಉಂಟಂತ ಮಂದಿ ಬರದಾರ," ಎಂದೆ. ಬರೆದವರಿದ್ದರು, ನಿಜ. ನನಗೆ ಬೇಕಾದಷ್ಟನ್ನು ಮಾತ್ರ ಓದಿದ್ದೆ.

ಮಾರ್ಚಿನಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಸ್ವೀಕಾರವಾಯಿತು. ಅದರ ಬಲದ ಮೇಲೆ ಧಾರವಾಡದಲ್ಲಿ ಮೂರು ವರ್ಷದ ಸಂಶೋಧನೆಯ ಕೆಲಸಕ್ಕೆ ನನ್ನ ಹೆಸರು ಹೋಯಿತು. ಮೇ ತಿಂಗಳಲ್ಲಿ ಆಯ್ಕೆ ಸಮಿತಿಯ ಮುಂದೆ ಪ್ರಯೋಗ ಮಾಡಿ ತೋರಿಸಿದರಾಯಿತು, ಜೂನ್ ಬಂದಾಗ ಫೋನು ನೋಡುತ್ತ ಕೂರುವ ಕರ್ಮ ತೀರುತ್ತಿತ್ತು. ಅರ್ಧ ಕಿಲೊ ಕರದಂಟು ತಂದೆ. ಅವ್ವ ಒಂದು ತುಣುಕು ಬಾಯಿಗೆ ಹಾಕಿಕೊಂಡು, "ನನ್ನ ಮಗಳು ಬಿಸಲ ಹಿಡದ್ಲು," ಎಂದು ಪಕ್ಕದ ಮನೆಯ ಸುಂದ್ರವ್ವಳಿಗೆ ಮಾಳಿಗೆಯಿಂದಲೇ ಕೂಗಿ ಹೇಳಿದಳು.

ಏಪ್ರಿಲ್ ಒಂಬತ್ತರ ಬೆಳಿಗ್ಗೆ ಅವ್ವ ಲಿಂಗಪೂಜೆಗೆ ಕೂತವಳು ಗೋಡೆಗೆ ಒರಗಿಕೊಂಡಳು. ಹುಕ್ಕೇರಿಯ ಸೋದರಮಾವನಿಗೆ ನಾನು ಫೋನು ಹಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆಯೊಡೆದು ಹೋಯಿತು ಅಂದರು ಡಾಕ್ಟರು. ಕಲ್ಲೋಳಿಯಲ್ಲಿ ಅಪ್ಪನ ಬಾಜೂಕ್ಕೇ ಮಣ್ಣು ಮಾಡಿ ಬಂದೆವು.

ಹದಿನೈದು ದಿನ ಕಳೆದ ಮೇಲೆ ಮತ್ತೆ ಸೀಸೆ ಇಟ್ಟೆ. ಸಮಿತಿಗೆ ಮೂರು ವಾರವಿತ್ತು. ಸಂಜೆ ನೋಡಿದರೆ ತುದಿಯ ಕೊಳವೆ ಖಾಲಿ. ಮರುದಿನ ಖಾಲಿ. ಹೊಸ ಪುಡಿ ಮಾಡಿದೆ, ನೀರು ಬದಲಿಸಿದೆ, ಕೊಳವೆ ಬದಲಿಸಿದೆ. ಏಪ್ರಿಲ್ ಕೊನೆಯ ಬಿಸಿಲು ತಲೆ ಒಡೆಯುವಂತಿತ್ತು. ಜನವರಿಯ ಎಳೆ ಬಿಸಿಲಿಗೆ ಬಂದ ಗ್ಯಾಸು ಈಗ ಬರಲೊಲ್ಲದು. ಹತ್ತು ದಿನ ಹೀಗೇ ಆಯಿತು. ಸೀಸೆಗಳಿಗೆ ಬಾಯಿಗೆ ಬಂದಂತೆ ಬೈದೆ. ಅವ್ವನಿದ್ದಿದ್ದರೆ ಆ ಬೈಗುಳ ಅವಳ ಪಾಲಿಗೆ ಹೋಗುತ್ತಿತ್ತು ಎಂಬುದು ಹೊಳೆದು ಸುಮ್ಮನಾದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಸುಂದ್ರವ್ವ ತನ್ನ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದವಳು ಕಟ್ಟೆಗೆ ಬಂದು ನಿಂತಳು.

"ದಾಕ್ಷಾಯಿಣಿ, ಈಗ ನಿನ್ನ ಬಾಟ್ಲಿಗಿ ಬೆಲ್ಲಾ ಯಾರ ಹಾಕತಾರವಾ?"

ಕೈಯಲ್ಲಿದ್ದ ಸೀಸೆ ಕೆಳಗಿಟ್ಟೆ. "ಏನ ಬೆಲ್ಲಾ, ಸುಂದ್ರವ್ವ ಕಾಕು?"

"ನಿಮ್ಮವ್ವ ಹಾಕತಿದ್ಲಲ್ಲ, ನೀ ಕೆಳಗ ಹೋದ ಕೂಡ್ಲೇ. ಹುಣಸಿ ಬೀಜದಷ್ಟ. ತುದೀದಕ್ಕ ಅಷ್ಟ." ಸುಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾ ಕೇಳಿದ್ನಿ, ಯಾಕಬೇ ಇದಕ್ಕಷ್ಟ ಅಂತ. ಉಳದಾವಕ್ಕ ನೆರಳ ಬರತೈತಿ, ಇದೊಂದ ಸಂಜೀತನಕ ಬಿಸಲಾಗ ನಿಂದರತೈತಿ ಅಂದ್ಲು. ಬಿಸಲಾಗಿಂದ ಬಂದವ್ರಿಗಿ ಬೆಲ್ಲಾ ನೀರಾ ಕೊಡೂದಿಲ್ಲೇನ ನಾವು, ಹಂಗ."

"ನನಗ ಯಾಕ ಹೇಳಲಿಲ್ಲ?"

"ಮಗಳು ಸಿಟ್ಟಿಗೇಳತಾಳ, ಹೇಳಬ್ಯಾಡ ಅಂದಿದ್ಲು."

ಅಡುಗೆಮನೆಯಲ್ಲಿ, ಮೂಡಲಗಿಯಿಂದ ತಂದ ಬೆಲ್ಲದ ಪೆಂಟೆ ಹಾಗೇ ಇತ್ತು. ಒಂದು ಮೂಲೆಯಲ್ಲಿ ಮಾತ್ರ ಅಡಕತ್ತರಿಯಿಂದ ಚೂರುಚೂರೇ ಕತ್ತರಿಸಿದ ಗುರುತು. ಹುಣಸೆ ಬೀಜದಷ್ಟು ಕತ್ತರಿಸಿ ಒಯ್ದು, ತುದಿಯದಕ್ಕಲ್ಲ, ನೆರಳಿನ ಕಡೆಯ ಒಂದನೆಯ ಸೀಸೆಗೆ ಹಾಕಿದೆ. ಕಾಲೇಜಿಗೆ ರಜೆ ಹೇಳಿ ಅಲ್ಲೇ ಕುಳಿತೆ. ಒಂಬತ್ತೂವರೆಗೆ ಮೊದಲ ಗುಳ್ಳೆ ಎದ್ದಿತು. ಆಮೇಲೆ ಒಂದರ ಹಿಂದೊಂದು ಏಳತೊಡಗಿದವು. ಅವ್ವನನ್ನು ಮಣ್ಣಿಗಿಟ್ಟ ದಿನ ನನಗೆ ಅಳು ಬಂದಿರಲಿಲ್ಲ. ಅಂದು ಆ ಗುಳ್ಳೆಗಳನ್ನು ನೋಡುತ್ತ ಮನಸಾರೆ ಅತ್ತೆ.

ಅತ್ತು ಮುಗಿದ ಮೇಲೆ ಲೆಕ್ಕ ನೆಟ್ಟಗೆ ಕಂಡಿತು. ಬರೀ ನೀರಿನಿಂದ ಎಂದು ಬರೆದದ್ದು ಸುಳ್ಳು. ಸಕ್ಕರೆ ಬೆರೆಸಿ ಹೈಡ್ರೋಜನ್ ತೆಗೆದವರು ನನಗಿಂತ ಮೊದಲು ನೂರಾರು ಜನ. ನನ್ನದರಲ್ಲಿ ಹೊಸದೇನೂ ಇಲ್ಲ. ಸುಂದ್ರವ್ವಳನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ, ಅವಳಿಗೆ ಗೊತ್ತಿರುವುದು ಏನೆಂದು ಅವಳಿಗೇ ಗೊತ್ತಿಲ್ಲ. ಸಮಿತಿಯ ದಿನ ಬೆಳಿಗ್ಗೆ ಒಂದು ಚೂರು ಬೆಲ್ಲ ಹಾಕಿದರೆ ಮೂರು ವರ್ಷದ ಕೆಲಸ ನನ್ನದು. ಈ ಯೋಚನೆ ಬರಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಅವ್ವ ಪ್ರೀತಿಯಿಂದ ಹಾಕಿದ್ದನ್ನು ನಾನು ಕಳ್ಳಿಯಂತೆ ಹಾಕುವುದೇ ಎನಿಸಿ ನಾಚಿಕೆಯಾಯಿತು. ಮೂರನೆಯ ದಿನ ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ.

"ಲೇಖನಾ ವಾಪಸ ತಗೋಬೇಕವಾ," ಎಂದರು ಸರ್. "ಧಾರವಾಡದ ಕೆಲಸಾನೂ ಹೋಗತೈತಿ, ನಿನಗ ಗೊತ್ತೈತಿ."

"ಗೊತ್ತೈತ್ರಿ."

"ಕಾರಣಾ ಭಾಳ ಬರೀಬ್ಯಾಡ. ಸೀಸೆ ಶುದ್ಧ ಇರಲಿಲ್ಲ ಅಂತ ಬರಿ, ಸಾಕು."

"ಸೀಸೆ ಶುದ್ಧ ಇದ್ದೂರಿ ಸರ್. ನಾನ ತೊಳದಿದ್ನಿ."

ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರ ಖರೇ ಏನೈತಿ ಅದನ್ನ ಬರಿ," ಎಂದರು.

ಪತ್ರಿಕೆಗೆ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. ನನಗೆ ಅದು ಮೊದಲು ಕನ್ನಡದಲ್ಲೇ ಬಂತು. ಸೇರಿದ ವಸ್ತು: ಬೆಲ್ಲ. ಪ್ರಮಾಣ: ದಿನಕ್ಕೆ ಒಂದು ಹುಣಸೆ ಬೀಜದಷ್ಟು; ತೂಗಿದಾಗ ಸುಮಾರು ಒಂದು ಗ್ರಾಂ. ಸೇರಿಸಿದವರು: ಯಮನವ್ವ, ನನ್ನ ತಾಯಿ, ಈಗಿಲ್ಲ. ಸಂಶೋಧಕಿಗೆ ಇದು ತಿಳಿದಿರಲಿಲ್ಲ.

ಯಾಕೆ ಸೇರಿಸಿದರು ಎಂದು ಅವರು ಕೇಳಿಯೇ ಕೇಳುತ್ತಾರೆ. ಪೆನ್ನು ಹಿಡಿದು ಮಾಳಿಗೆಯ ಮೇಲೆ ಕುಳಿತೇ ಇದ್ದೆ. ಟಾಕಿಯ ನೆರಳು ಸರಿದು ಮೂರು ಸೀಸೆಗಳನ್ನು ಮುಚ್ಚಿತ್ತು, ತುದಿಯದು ಹೊರಗೆ ಉಳಿದಿತ್ತು. ಕೊನೆಯ ಸಾಲು ಬರೆದೆ: ಅದು ಬಿಸಿಲಲ್ಲಿ ನಿಂತಿತ್ತು, ಅದಕ್ಕೆ.