ಅಕ್ಷತೆ ಬಿದ್ದಾಗ ಒಡೆದ ಚಿತ್ರ

ಪುಣೆಯ ಪ್ರಯೋಗಾಲಯವೊಂದರಲ್ಲಿ ಡಿಜಿಟಲ್ ವಿಡಿಯೋ ಇಂಜಿನಿಯರಾಗಿದ್ದ ಶ್ರೀಲೇಖಾ, 1998ರ ಬೇಸಿಗೆಯಲ್ಲಿ ಗೆಳತಿ ಮನೀಷಾಳ ಮದುವೆಯ ಸಿ.ಡಿ. ನೋಡಲು ಅಕ್ಕಲಕೋಟೆಗೆ ಬಂದಳು. ಅದುವರೆಗೆ ಮದುವೆಯ ವಿಡಿಯೋ ಎಂದರೆ ಕ್ಯಾಸೆಟ್ಟೇ. ಹೊಳೆಯುವ ಈ ಹೊಸ ಬಿಲ್ಲೆಯನ್ನು ನೋಡಲು ಓಣಿಗೆ ಓಣಿಯೇ ಪಡಸಾಲೆಯಲ್ಲಿ ಕೂತಿತ್ತು.

ಅರಿಸಿನ, ಮೆರವಣಿಗೆ ಚೆನ್ನಾಗಿಯೇ ಬಂದವು. ಅಕ್ಷತೆ ಬಿದ್ದದ್ದೇ ತಡ, ಚಿತ್ರ ಚೌಕ ಚೌಕವಾಗಿ ಒಡೆಯಿತು.

“ನನ್ನ ಮೊಮ್ಮಗಳ ಮಾರಿ ಎಲ್ಲಿ ಹೋತೋ ಭೀಮಶಾ?” ಮನೀಷಾಳ ಅಜ್ಜಿ ಪಾರ್ವತಿಬಾಯಿ ಗುಡುಗಿದಳು.

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಭೀಮಶಾನೇ ಈ ಮದುವೆಯ ಚಿತ್ರ ತೆಗೆದವನು; ಅವನು ಬೆವರಿದ. “ಕ್ಯಾಸೆಟ್‌ನಾಗ ಛಲೋ ಅದರಿ ಆಯಿ. ಸಿ.ಡಿ. ಮಾಡಿದ ಮ್ಯಾಲೆ ಹಿಂಗಾಗ್ಯದ.”

ಶ್ರೀಲೇಖಾ ನಡುವೆ ಬಾಯಿ ಹಾಕಿದಳು. “ಅವರದೇನು ತಪ್ಪಿಲ್ಲ ಆಯಿ. ದುಧನಿ ಊರಾಗಿನ ನಿಮ್ಮ ಮಗಳಿಗೆ ಫೋನ್ ಹಚ್ಚಿದಾಗ ನೀವು ಏನು ಹೇಳ್ತೀರಿ?”

“ಹೊಸಾದೇನಾತು, ಅಷ್ಟ. ಮನಿಗೆ ನಾಕು ಗ್ವಾಡಿ ಅವ ಅಂತ ಹೇಳ್ತಾರೇನ?”

“ಈ ಸಿ.ಡಿ.ನೂ ಹಂಗ. ಒಮ್ಮೆ ಪೂರ್ತಿ ಚಿತ್ರ ಇಟ್ಟು, ಆಮ್ಯಾಲೆ ಬದಲಾದದ್ದಷ್ಟ ಹೇಳ್ತದ. ಅಕ್ಷತಿ ಹಾರಿದಾಗ ಎಲ್ಲಾ ಕಡೆ ಒಮ್ಮೆಲೆ ಬದಲಾತು. ಅಷ್ಟು ಸುದ್ದಿ ಹೇಳಾಕ ಅದಕ್ಕ ಪುರಸೊತ್ತ ಸಿಗಲಿಲ್ಲ.”

“ಅಂದ್ರ ನಮ್ಮ ಮದಿವಿ ಗದ್ದಲಾ ಅದಕ್ಕ ತಡೀಲಿಲ್ಲ ಅನ್ನು!” ಅಜ್ಜಿ ನಕ್ಕಾಗ ಪಡಸಾಲೆಯೂ ನಕ್ಕಿತು.

ಮರುದಿನ ಶ್ರೀಲೇಖಾ ಮತ್ತು ಭೀಮಶಾ ಸೊಲ್ಲಾಪುರದ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತರು. ಆ ದೃಶ್ಯವೊಂದನ್ನು ನಿಧಾನ ಮಾಡೋಣ ಎಂದಳು ಅವಳು. ನಿಧಾನವಾದರೆ ಕ್ಷಣಕ್ಷಣದ ಬದಲಾವಣೆಯೂ ಕಡಿಮೆ. ಹೊಸ ಸಿ.ಡಿ.ಯಲ್ಲಿ ಅಕ್ಕಿಕಾಳು ತೇಲುತ್ತಾ ಇಳಿದವು. ಮನೀಷಾ ನಾಚಿ ನಕ್ಕದ್ದು ಸ್ಪಷ್ಟವಾಗಿ ಕಂಡಿತು. ನಮಗೂ ಅಂಥದೇ ಬೇಕೆಂದು ಮಂದ್ರೂಪ ಊರಿನಿಂದಲೂ ಗಿರಾಕಿಗಳು ಬಂದರು.

“ನಮಗ ಇದನ್ನೆಲ್ಲಾ ಕಲಿಸ್ರಿ ಮ್ಯಾಡಂ” ಎಂದು ಭೀಮಶಾ ದುಂಬಾಲು ಬಿದ್ದ. ರವಿವಾರಗಳಂದು ಅಂಗಡಿಯಲ್ಲೇ ಪಾಠ ಶುರುವಾಯಿತು. ಊರಿನ ವಿಡಿಯೋದವರೆಲ್ಲ ಸೇರಿದರು. ಪುಣೆಯಿಂದ ರೈಲು ಹತ್ತುವಾಗ ಶ್ರೀಲೇಖಾಗೆ ಹಬ್ಬಕ್ಕೆ ಹೊರಟಷ್ಟು ಖುಷಿ. ಮುಂದಿನ ವರ್ಷ ಸೊಲ್ಲಾಪುರದ ಇಂಜಿನಿಯರಿಂಗ್ ಕಾಲೇಜೊಂದು ಕಲಿಸಲು ಕರೆದಾಗ ಕೂಡಲೇ ಒಪ್ಪಿಕೊಂಡಳು.

ಸೊಲ್ಲಾಪುರದಲ್ಲೇ ಬ್ಯಾಂಕಿನಲ್ಲಿ ಕಾರಕೂನರಾಗಿದ್ದ ತಂದೆ ದಿಗಂಬರರಾಯರಿಗೆ ಮಾತ್ರ ಬೇಸರ. “ಪುಣೆ ಬಿಟ್ಟು ಇಲ್ಲಿಗ್ಯಾಕ ಬರ್ತೀ ಮಗಳೆ?”

“ಅಲ್ಲಿ ನನ್ನ ಮಾತು ಯಂತ್ರ ಕೇಳ್ತದ ಬಾಬಾ. ಇಲ್ಲಿ ಮಂದಿ ಕೇಳ್ತಾರ, ತಿರುಗಿ ಪ್ರಶ್ನಿನೂ ಹಾಕ್ತಾರ.”

ಮೊದಲ ದಿನ ಅವಳನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಬಿಟ್ಟ ತಂದೆ ಹಿಂದಿರುಗಲಿಲ್ಲ. ಸದ್ದಿಲ್ಲದೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಪಾಠ ರಂಗೇರಿದಾಗ ಅವರ ಕೈ ಮೇಲೆದ್ದಿತು.

“ಮ್ಯಾಡಂ, ಹಿಂದ ಕೇಳಸವಲ್ದು. ಸ್ವಲ್ಪ ಜೋರ ಹೇಳ್ರಿ.”

ಹುಡುಗರೆಲ್ಲ ತಿರುಗಿ ನೋಡಿದರು. ಶ್ರೀಲೇಖಾ ನಗುತ್ತಲೇ ದನಿ ಎತ್ತರಿಸಿದಳು.