ಮುಚ್ಚಿದ ಆರು ಕಿಟಕಿ

ಮೂರನೆಯ ಬ್ಯಾರಕ್ಕಿನ ಬಾಗಿಲ ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ‘ನಲವತ್ತು ಜನಕ್ಕೆ’ ಎಂದು ಬರೆದಿತ್ತು. ಗಾರೆ ಮೇಸ್ತ್ರಿಯನ್ನು ಒಳಗೆ ತಳ್ಳಿದ ದಿನ ಅಲ್ಲಿ ನೂರ ಅರವತ್ತೆರಡು ಜನರಿದ್ದರು. ಬೆವರು, ಉಚ್ಚೆ, ಆರದ ಬಟ್ಟೆ ಎಲ್ಲ ಬೆರೆತ ಬಿಸಿಯೊಂದು ಅವನ ಮುಖಕ್ಕೆ ರಾಚಿತು. ಕಾಲೂರಲು ಜಾಗ ಹುಡುಕುತ್ತ ತಲೆಯೆತ್ತಿದವನು ಎಡಗಡೆಯ ಗೋಡೆ ನೋಡಿದ.

ಒಂಬತ್ತು ವರ್ಷದ ಹಿಂದೆ ಆ ಗೋಡೆಗೆ ಗಾರೆ ಎಳೆದವನು ಅವನೇ.

ಇಬ್ಬರು ಕೈದಿಗಳು ತಪ್ಪಿಸಿಕೊಂಡರೆಂದು ಆಗ ಗೋಡೆಯ ಆರೂ ಕಿಟಕಿಗಳನ್ನು ಮುಚ್ಚಿಸುವ ಆದೇಶ ಬಂದಿತ್ತು. ಒಳಗಿದ್ದವರನ್ನು ಬೇರೆ ಕಡೆ ತುಂಬಿ, ಖಾಲಿ ಕೋಣೆಯನ್ನು ನಾಲ್ಕು ದಿನ ಅವನ ಕೈಗೆ ಕೊಟ್ಟಿದ್ದರು. ಕಂಬಿ ಕೀಳಲು ಪುರುಸೊತ್ತಿಲ್ಲವೆಂದು ಅವುಗಳ ಒಳಮಗ್ಗುಲಿಗೇ ಒಂಟಿ ಇಟ್ಟಿಗೆ ಕಟ್ಟಿ, ಮೇಲೆ ನುಣ್ಣಗೆ ತೀಡಿದ್ದ. “ಇಲ್ಲಿ ಕಿಟಕಿ ಇತ್ತು ಅಂದ್ರೆ ಯಾರೂ ನಂಬಲ್ಲ ಕಣೋ” ಎಂದು ಕಂಟ್ರಾಕ್ಟರ್ ಬೆನ್ನು ತಟ್ಟಿದ್ದ. ಈಗ ಅದೇ ಕಂಟ್ರಾಕ್ಟರ್ ಕಟ್ಟಿಸುತ್ತಿದ್ದ ಮನೆಯ ಗೋಡೆ ಕುಸಿದು ಕೂಲಿ ಹೆಂಗಸೊಬ್ಬಳು ಸತ್ತಿದ್ದಳು. ಕಂಟ್ರಾಕ್ಟರ್ ಊರು ಬಿಟ್ಟ; ಪೊಲೀಸರಿಗೆ ಸಿಕ್ಕಿದವನು ಮೇಸ್ತ್ರಿ.

ಬ್ಯಾರಕ್ಕಿನಲ್ಲಿ ಮಲಗುವುದಕ್ಕೆ ಮೂರು ಪಾಳಿ. ಒಂದು ಪಾಳಿಯವರು ಒಬ್ಬರ ಬೆನ್ನಿಗೆ ಒಬ್ಬರ ಹೊಟ್ಟೆ ಅಂಟಿಸಿಕೊಂಡು ಮಗ್ಗುಲಾಗಿ ಮಲಗಬೇಕು, ಇನ್ನೊಂದು ಪಾಳಿಯವರು ಗೋಡೆಗೊರಗಿ ಕುಕ್ಕರಗಾಲಲ್ಲಿ ಕೂರಬೇಕು, ಉಳಿದವರು ನಿಂತಿರಬೇಕು. ಈ ಲೆಕ್ಕವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ದಪ್ಪಮೀಸೆ ಎಂಬ ಹಳೆಯ ಕೈದಿ. ಅವನು “ಹೊರಳಿ!” ಎಂದು ಕೂಗಿದರೆ ಮಲಗಿದ್ದ ಸಾಲಿಗೆ ಸಾಲೇ ಒಟ್ಟಿಗೆ ಮಗ್ಗುಲು ಬದಲಿಸಬೇಕು. ನಲ್ಲಿ ಬೆಳಿಗ್ಗೆ ಒಂದು ಗಂಟೆ ಹೊತ್ತು ತೊಟ್ಟಿಕ್ಕುತ್ತಿತ್ತು. ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಹೊಸಬರ ಜಾಗ ಅದರ ಬಾಯಲ್ಲೇ. ಹದಿನೈದು ದಿನದಲ್ಲಿ ಮೇಸ್ತ್ರಿಯ ಬೆರಳ ಸಂದಿಗೆಲ್ಲ ಕಜ್ಜಿ ಹತ್ತಿತು.

ಆ ಮೂಲೆಯಲ್ಲಿ ಅವನ ಬೆನ್ನಿಗೆ ಸಿಕ್ಕಿದವರು ಗಡಿಯಾರ ರಿಪೇರಿಯ ಒಬ್ಬ ಮುದುಕರು. ಎಲ್ಲರೂ ಅವರನ್ನು ಗಡಿಯಾರದ ತಾತ ಎನ್ನುತ್ತಿದ್ದರು. ಕದ್ದ ವಾಚುಗಳನ್ನು ಕೊಂಡರೆಂಬ ಕೇಸು. ಉಬ್ಬಸದ ರೋಗಿ, ಮಲಗಿದರೆ ಉಸಿರು ಕಟ್ಟುತ್ತಿತ್ತಾದ್ದರಿಂದ ತಮ್ಮ ಮಲಗುವ ಪಾಳಿಯಲ್ಲೂ ಕೂತೇ ಇರುತ್ತಿದ್ದರು. ಮಾತಾಡುವ ಚಪಲ ಮಾತ್ರ ಬಿಟ್ಟಿರಲಿಲ್ಲ.

“ನಮ್ಮಜ್ಜನ ಕಾಲದಲ್ಲಿ ಇದು ಸಿಪಾಯಿಗಳ ಕುದುರೆ ಲಾಯ ಆಗಿತ್ತಪ್ಪ. ಒಂದು ಕುದುರೆಗೆ ಎಂಟು ಅಡಿ ಜಾಗ. ಆಮೇಲೆ ಜೈಲು ಮಾಡಿದ್ರು. ಸುತ್ತ ಬಯಲು, ಹಿಂದ್ಗಡೆ ಕೆರೆ. ಚಿಕ್ಕ ವಯಸ್ಸಲ್ಲಿ ಹೊಡೆದಾಟ ಮಾಡ್ಕೊಂಡು ನಾನು ಇದೇ ಕೋಣೇಲಿ ಮೂರು ತಿಂಗಳಿದ್ದೆ. ಆಗ ಮೂವತ್ತು ಜನ. ಈ ಗೋಡೇಲಿ ಆರು ಕಿಟಕಿ. ಸಂಜೆ ಆದ್ರೆ ಕೆರೆ ಗಾಳಿ ಹೆಂಗೆ ಬರೋದು ಅಂತೀಯ! ಈಗ ಕೆರೆ ಮೇಲೆ ಬಸ್‌ಸ್ಟ್ಯಾಂಡ್ ಕೂತಿದೆ. ಊರು ಬೆಳೀತು, ಕಳ್ಳರು ಬೆಳೆದ್ರು, ಜೈಲು ಒಂದು ಬೆಳೀಲಿಲ್ಲ.” ಅಷ್ಟಕ್ಕೇ ಅವರಿಗೆ ದಮ್ಮು ಹತ್ತಿತು. ಸುಧಾರಿಸಿಕೊಂಡು ಹೇಳಿದರು: “ಯಾವ ಪಾಪಿ ಮುಚ್ಚಿದನೋ ಆ ಕಿಟಕೀನ. ಅವನ ಕೈ ಸೇದಿಹೋಗ.”

ಮೇಸ್ತ್ರಿ ಕಜ್ಜಿ ಹತ್ತಿದ ಕೈಗಳನ್ನು ಮಂಡಿಯ ನಡುವೆ ತುರುಕಿಕೊಂಡು ಕೂತ. ತಾತನ ಆ ಶಾಪ ದಿನಕ್ಕೊಮ್ಮೆಯಾದರೂ ಅವನ ಕಿವಿಗೆ ಬೀಳುತ್ತಿತ್ತು. ವಿಚಾರಣೆಗೆ ತಾರೀಕಿನ ಮೇಲೆ ತಾರೀಕು ಬೀಳುತ್ತ ಎಂಟು ತಿಂಗಳು ಕಳೆಯಿತು.

ಬೇಸಿಗೆ ಕಾಲಿಟ್ಟ ಮೇಲೆ ಎರಡೇ ವಾರದಲ್ಲಿ ಬ್ಯಾರಕ್ಕಿನಿಂದ ಇಬ್ಬರನ್ನು ಹೆಣವಾಗಿ ಹೊತ್ತೊಯ್ದರು. ಅದರಲ್ಲೊಬ್ಬ ನಿಲ್ಲುವ ಪಾಳಿಯಲ್ಲಿದ್ದವನು. ಸತ್ತ ಮೇಲೂ ಬೀಳುವುದಕ್ಕೆ ಜಾಗವಿಲ್ಲದೆ ಅಕ್ಕಪಕ್ಕದವರ ಹೆಗಲ ನಡುವೆ ನಿಂತೇ ಇದ್ದ. ತೂಕಡಿಸುತ್ತಿದ್ದಾನೆಂದೇ ಎಲ್ಲರೂ ತಿಳಿದಿದ್ದರು. ಮರುದಿನದಿಂದ ತಾತನ ತುಟಿ ನೀಲಿಗಟ್ಟತೊಡಗಿತು. ಮೇಸ್ತ್ರಿ ಬಾಗಿಲ ಸರಳು ಹಿಡಿದು ವಾರ್ಡರನನ್ನು ಕರೆದ.

“ಸಾರ್, ತಾತನ್ನ ಆಸ್ಪತ್ರೆಗೆ ಕಳಿಸಿ. ಇಲ್ಲಾಂದ್ರೆ ಒಂದು ಕಿಟಕಿ ಆದ್ರೂ ತೆಗೆಸಿ. ನಾನೇ ತೆಗೆದುಕೊಡ್ತೀನಿ, ನಂಗೆ ಆ ಕೆಲಸ ಗೊತ್ತು.”

“ಆಸ್ಪತ್ರೇಲಿ ಒಂದು ಮಂಚಕ್ಕೆ ಮೂವರಿದ್ದಾರೆ” ಎಂದ ವಾರ್ಡರ್. ಅವನೂ ಬೆವರಿನಲ್ಲಿ ತೊಯ್ದುಹೋಗಿದ್ದ. “ಕಿಟಕಿ ತೆಗೀಬೇಕಾದ್ರೆ ಮೇಲಿಂದ ಆರ್ಡರ್ ಬರಬೇಕು. ಸುಮ್ನೆ ಕೂತ್ಕೋ ಹೋಗು.”

ಮೂರನೆಯ ದಿನ ಮಧ್ಯಾಹ್ನ ತಾತ ಮೇಸ್ತ್ರಿಯ ಅಂಗಿ ಹಿಡಿದುಕೊಂಡರು. ಬಾಯಿ ತೆರೆಯುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಮೇಸ್ತ್ರಿ ಎದ್ದು ನಿಂತ.

“ಆ ಕಿಟಕಿ ಮುಚ್ಚಿದ್ದು ನಾನು” ಎಂದ, ಎಲ್ಲರಿಗೂ ಕೇಳುವಂತೆ. “ಆರನ್ನೂ ನಾನೇ ಮುಚ್ಚಿದ್ದು. ಎಲ್ಲಿವೆ ಅಂತ ಕಣ್ಣುಮುಚ್ಚಿ ತೋರಿಸ್ತೀನಿ.”

ದಪ್ಪಮೀಸೆ ಜನರನ್ನು ಸೀಳಿಕೊಂಡು ಬಂದು ಅವನ ಕೆನ್ನೆಗೆ ಬಿಟ್ಟ. ಬಾಯಲ್ಲಿ ರಕ್ತ ಒಸರಿತು. ಇನ್ನೊಂದು ಏಟಿಗೆ ಎತ್ತಿದ ಕೈಯನ್ನು ತಾತನ ಗೊರಗೊರ ಸದ್ದು ತಡೆಯಿತು.

“ಆಮೇಲೆ ಹೊಡಿ, ಅಣ್ಣ. ಈಗ ನನ್ನ ಮೇಲಕ್ಕೆ ಎತ್ತಿ” ಎಂದ ಮೇಸ್ತ್ರಿ.

ದಪ್ಪಮೀಸೆ ಅವನನ್ನೇ ನೋಡಿದ. ಆಮೇಲೆ ಬಗ್ಗಿ ಹೆಗಲು ಕೊಟ್ಟ. ಬಕೆಟ್ಟಿನ ಕಬ್ಬಿಣದ ಹಿಡಿಯನ್ನು ಯಾರೋ ಕಿತ್ತು ಕೊಟ್ಟರು. ವಾರ್ಡರಿಗೆ ಸದ್ದು ಕೇಳಬಾರದೆಂದು ನೂರಾರು ಜನ ತಟ್ಟೆ ಬಡಿಯುತ್ತ ನೀರಿಗಾಗಿ ಕೂಗಾಡತೊಡಗಿದರು. ಮೇಸ್ತ್ರಿ ಅಂಗೈಯಿಂದ ಗೋಡೆ ಸವರಿ, ಗೆಣ್ಣಿನಿಂದ ತಟ್ಟಿ, ಪೊಳ್ಳು ಸದ್ದು ಬಂದಲ್ಲಿ ಕಬ್ಬಿಣವಿಟ್ಟ. ಗಾರೆ ಉದುರಿ ಕಣ್ಣಿಗೆ ಬಿತ್ತು. ಮೊದಲ ಇಟ್ಟಿಗೆ ಸಡಿಲವಾಗುವಷ್ಟರಲ್ಲಿ ಅವನ ಎರಡು ಉಗುರು ಕಿತ್ತುಹೋಗಿದ್ದವು. ಮುಂದಿನವು ಒಂದೊಂದಾಗಿ ಕೈಗೆ ಬಂದವು. ತುಕ್ಕು ಹಿಡಿದ ಕಂಬಿಗಳ ಆಚೆಯಿಂದ ಬಸ್ಸುಗಳ ಹೊಗೆ ಬೆರೆತ ಗಾಳಿ ನುಗ್ಗಿತು. ತಟ್ಟೆಯ ಸದ್ದು ತಾನಾಗಿ ನಿಂತಿತು. ಕೆಲವರು ಅಳುತ್ತಿದ್ದರು. ತಾತನನ್ನು ಕೈಯಿಂದ ಕೈಗೆ ತಲೆಯ ಮೇಲೆ ಸಾಗಿಸಿ ಕಿಟಕಿಯ ಬಳಿ ಎತ್ತಿ ಹಿಡಿದರು. ಅವರು ಬಹಳ ಹೊತ್ತು ಮೀನಿನಂತೆ ಬಾಯಿ ಬಿಟ್ಟು ಉಸಿರೆಳೆದರು. ಕೊನೆಗೆ ಕಣ್ಣು ತೆರೆದು ಮೇಸ್ತ್ರಿಯನ್ನು ನೋಡಿದರು.

ಸದ್ದು ಏಕೆ ನಿಂತಿತೆಂದು ವಾರ್ಡರು ಓಡಿಬಂದರು. ಸಂಜೆಯೊಳಗೆ ಮೇಸ್ತ್ರಿ ಸೂಪರಿಂಟೆಂಡೆಂಟರ ಮುಂದೆ ನಿಂತಿದ್ದ. ಲಾಠಿ ಏಟಿಗೆ ಬಲಗಾಲು ಊರಲಾಗುತ್ತಿರಲಿಲ್ಲ.

“ತಪ್ಪಿಸಿಕೊಳ್ಳೋ ಪ್ರಯತ್ನ” ಎಂದು ಬರೆಯುತ್ತ ಹೇಳಿದರು ಸಾಹೇಬರು.

“ಕಂಬಿ ಹಂಗೇ ಇದೆಯಲ್ಲ ಸಾರ್. ಅದರ ಸಂದೀಲಿ ತೂರೋಕೆ ನಾನೇನು ಇಲೀನಾ?”

ಸಾಹೇಬರು ಪೆನ್ನು ಕೆಳಗಿಟ್ಟರು. “ಸರಿ, ನೀನೇ ಮೇಸ್ತ್ರಿ ತಾನೆ? ನಾಳೆ ಇಟ್ಟಿಗೆ ಕೊಡಿಸ್ತೀನಿ, ಮುಚ್ಚಿಬಿಡು. ಈ ಕೇಸ್ ಹಾಕಲ್ಲ.”

ಮನೆಯಲ್ಲಿ ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ಮೇಸ್ತ್ರಿ ಮೇಜಿನ ಮೇಲಿನ ಕಾಗದವನ್ನೇ ನೋಡುತ್ತ ನಿಂತ.

“ಒಂದ್ಸಲ ಮುಚ್ಚಿದ್ದೇ ಸಾಕು ಸಾರ್. ಇನ್ನೊಂದ್ಸಲ ನನ್ನ ಕೈಲಾಗಲ್ಲ.”

ಕಾಗದಕ್ಕೆ ಸೀಲು ಬಿತ್ತು. ಅವನನ್ನು ಏಳನೆಯ ಬ್ಯಾರಕ್ಕಿಗೆ ಹಾಕಿದರು. ಅಲ್ಲಿಯೂ ಕಿಟಕಿಯಿಲ್ಲ, ಅಲ್ಲಿಯೂ ಅವನ ಜಾಗ ಕಕ್ಕಸಿನ ಬಾಯಲ್ಲಿ. ಮೂರನೆಯದರ ಕಿಟಕಿ ಮುಚ್ಚಲು ಕೂಡ ಮೇಲಿಂದ ಆರ್ಡರ್ ಬರಬೇಕಿತ್ತಂತೆ. ಫೈಲು ಎಲ್ಲಿ ಸಿಕ್ಕಿಹಾಕಿಕೊಂಡಿತೋ, ಮಳೆಗಾಲ ಬಂದರೂ ಅದು ತೆರೆದೇ ಇತ್ತು. ತಾತ ಅದರ ಕೆಳಗೆ ಮೂರೂವರೆ ತಿಂಗಳು ಬದುಕಿ, ಒಂದು ಬೆಳಿಗ್ಗೆ ಎಣಿಕೆಯ ಹೊತ್ತಿಗೆ ಏಳಲಿಲ್ಲ. ಸುದ್ದಿ ತಂದವನು ಊಟ ಹಂಚಲು ಬಂದ ದಪ್ಪಮೀಸೆ.

“ನನ್ನ ಬಗ್ಗೆ ಏನಾದ್ರೂ ಅಂದ್ರಾ?” ಎಂದು ಮೇಸ್ತ್ರಿ ಕೇಳಿದ.

“ಇಲ್ಲ. ಆದ್ರೆ ಆ ದಿನದಿಂದ ಬೈಯೋದು ಬಿಟ್ಟಿದ್ರು.”

ಅದೇ ವಾರ ಹೆಂಡತಿ ನೋಡಲು ಬಂದಳು. ಎರಡು ಜಾಲರಿಗಳ ನಡುವೆ ಮಾರಗಲದ ಓಣಿ, ಆ ಕಡೆ ನಲವತ್ತು ಜನ, ಈ ಕಡೆ ನಲವತ್ತು ಜನ, ಎಲ್ಲರೂ ಗಂಟಲು ಹರಿದುಕೊಳ್ಳುತ್ತಿದ್ದರು.

“ಇನ್ನೊಂದು ಕೇಸು ಯಾಕ್ರೀ ಮೈಮೇಲೆ ಎಳ್ಕೊಂಡ್ರಿ?” ಎಂದು ಅವಳು ಕಿರುಚಿದಳು.

ಅವನು ಹೇಳಿದ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದ. ಅವಳು ಕಿವಿಗೆ ಕೈ ಹಿಡಿದು ತಲೆಯಾಡಿಸಿದಳು.

“ಮಗಳು ಹೇಗಿದಾಳೆ?” ಎಂದು ಕೂಗಿದ.

ಅದು ಕೇಳಿಸಿತು. “ಉದ್ದ ಆಗಿದಾಳೆ! ನನ್ನ ಭುಜಕ್ಕೆ ಬರ್ತಾಳೆ!” ಎಂದು ಅವಳು ಕೈಯಲ್ಲೇ ಎತ್ತರ ತೋರಿಸುತ್ತಿದ್ದಂತೆ ಗಂಟೆ ಹೊಡೆಯಿತು. ವಾರ್ಡರ್ ಅವಳ ಸಾಲನ್ನು ಹೊರಗೆ ಸಾಗಹಾಕಿದ. ಮುಂದಿನ ನಲವತ್ತು ಜನ ಒಳಗೆ ನುಗ್ಗಿದರು.